ನರ್ಸಮ್ಮನ ಕೀಲಿಕೈ

ಊಟದ ಹೊತ್ತಿನಲ್ಲಿ ಯಾರೂ ಫೋನು ಮುಟ್ಟಬಾರದು ಎಂದು ಆ ಮನೆಯಲ್ಲಿ ಕಟ್ಟಳೆ ಮಾಡಿದವಳು ನರ್ಸಮ್ಮ. ಆ ಭಾನುವಾರ ಕಟ್ಟಳೆ ಮುರಿದವಳೂ ಅವಳೇ. ಅನ್ನ ಕಲಸಿದ ಬಲಗೈಯನ್ನು ತಟ್ಟೆಯ ಮೇಲೆ ಎತ್ತಿ ಹಿಡಿದು, ಎಡಗೈಯಿಂದ ಫೋನನ್ನು ಕಿವಿಗೊತ್ತಿಕೊಂಡು "ಹೌದಾ? ಹೌದಾ?" ಎಂದಳು. ಆಮೇಲೆ ಫೋನನ್ನು ಬೋರಲು ಹಾಕಿದಳು.

"ಏನಂತೆ?" ಎಂದ ಗಂಡ.

"ಫೋನಲ್ಲಿ ನನ್ನ ವೆಬ್‌ಸೈಟು ತೆಗೆದ್ರೆ ಇಸ್ಪೀಟಾಟ ಬರುತ್ತಂತೆ. ಅರ್ಧಂಬರ್ಧ ಬಟ್ಟೆ ಹಾಕ್ಕೊಂಡ ಒಬ್ಬಳು ಎಲೆ ಹಂಚ್ತಾ ಕೂತಿದ್ದಾಳಂತೆ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಮಗ ತಲೆ ಎತ್ತದೆ ಹೇಳಿದ: "ಅವರ ಫೋನಲ್ಲೇ ವೈರಸ್ ಇರುತ್ತೆ ಬಿಡಮ್ಮ. ಪಲ್ಯ ಹಾಕು."

ನರ್ಸಮ್ಮ ಹೆರಿಗೆ ವಾರ್ಡಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವಳು. ನಿವೃತ್ತಿಯಾದ ಮೇಲೂ ಹೆಂಗಸರು ಅವಳನ್ನು ಬಿಡಲಿಲ್ಲ. ಹಾಲು ಸಾಲುತ್ತಿಲ್ಲ, ಹೊಲಿಗೆ ಕೀವಾಗಿದೆ, ಮೂರು ಮಕ್ಕಳಾದವು ಇನ್ನು ಬೇಡ, ಗಂಡನಿಗೆ ಹೇಳುವ ಹಾಗಿಲ್ಲ, ಏನು ಮಾಡಲಿ ಎಂದು ಅಡುಗೆಮನೆಯವರೆಗೂ ಬರುತ್ತಿದ್ದರು. ಮಗ ವೆಬ್‌ಸೈಟ್ ಮಾಡಿಕೊಡುವ ಕಸುಬಿನವನು. ಮನೆಯ ಮುಂದಿನ ಕೋಣೆಯೇ ಅವನ ಆಫೀಸು. ಅವನೇ ಅಮ್ಮನಿಗೊಂದು ಸೈಟು ಮಾಡಿಕೊಟ್ಟ. ಹೆಂಗಸರು ಅದರಲ್ಲಿ ಪ್ರಶ್ನೆ ಬರೆಯುತ್ತಿದ್ದರು, ಅವಳು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದಳು. ಎಲ್ಲರಿಗೂ ಉಪಯೋಗವಾಗುವಂಥದ್ದಿದ್ದರೆ ಹೆಸರು ತೆಗೆದು ಸೈಟಿನಲ್ಲೇ ಹಾಕುತ್ತಿದ್ದಳು.

ಊಟವಾದ ಮೇಲೆ ಮಗ ಕಂಪ್ಯೂಟರಿನಲ್ಲಿ ಸೈಟು ತೆಗೆದು ತೋರಿಸಿದ. ಎಲ್ಲ ಸರಿಯಾಗಿಯೇ ಇತ್ತು. "ನೋಡಿದ್ಯಾ?"

"ಅಪ್ಪ, ಇಲ್ನೋಡು," ಎಂದು ಮೊಮ್ಮಗಳು ತನ್ನ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅರ್ಧಂಬರ್ಧ ಬಟ್ಟೆಯವಳು ಎಲೆ ಹಂಚುತ್ತಿದ್ದಳು.

ಮಗನ ಮುಖ ಇಳಿಯಿತು. ಕಂಪ್ಯೂಟರಿನಲ್ಲಿ ನೋಡಿದವರಿಗೆ ಒಳ್ಳೆಯ ಮುಖ, ಫೋನಿನಲ್ಲಿ ನೋಡಿದವರಿಗೆ ಕೆಟ್ಟ ಮುಖ. ಯಾರೋ ತಿಳಿದವರೇ ಒಳಗೆ ನುಗ್ಗಿ ಕೈಯಾಡಿಸಿದ್ದರು.

"ಊರಿಗೆಲ್ಲ ಸೈಟ್ ಕಟ್ಟಿಕೊಡೋನ ಮನೇಲೇ ಹೀಗಾ?" ಎಂದ ತಂದೆ. ಮೂವತ್ತು ವರ್ಷ ಬೀದಿ ಬೀದಿ ಅಂಚೆ ಹಂಚಿದ ಅವನನ್ನು ಈಗಲೂ ನೆರೆಯವರು ಪೋಸ್ಟ್‌ಮ್ಯಾನ್ ಎಂದೇ ಕರೆಯುತ್ತಿದ್ದರು. "ದೀಪದ ಬುಡದಲ್ಲೇ ಕತ್ತಲೆ ಅಂದ ಹಾಗಾಯ್ತು."

"ಅಪ್ಪ, ಸುಮ್ನಿರ್ತೀಯಾ?"

ಅಂದು ಸಂಜೆಯೊಳಗೆ ಮಗ ಕೆಟ್ಟ ಸಾಲುಗಳನ್ನು ಹುಡುಕಿ ತೆಗೆದ. ಎರಡು ದಿನ ಬಿಟ್ಟು ಎಲೆ ಹಂಚುವವಳು ಮತ್ತೆ ಬಂದಳು. ಮತ್ತೆ ತೆಗೆದ. ಮತ್ತೆ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡುವ ಸೊಸೆ, ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು: "ಹೋದಳೇನ್ರಿ ನಿಮ್ಮ ರಾಣಿ?"

"ಹೋಗಿದ್ಲು. ಬಂದ್ಲು."

"ನಮ್ಮಲ್ಲೂ ಹೀಗೇ. ಬಟ್ಟೆ ಮೇಲೆ ಎಣ್ಣೆ ಕಲೆ ಅಂತ ಹೊಸಬರು ಉಜ್ತಾನೇ ಇರ್ತಾರೆ. ಮಿಷನ್ನಲ್ಲಿ ಎಲ್ಲಿ ಸೋರ್ತಿದೆ ಅಂತ ಬಗ್ಗಿ ನೋಡಲ್ಲ. ನೀವು ನೋಡಿದ್ರಾ?"

ಅವನು ನೋಡಿರಲಿಲ್ಲ. ಆ ರಾತ್ರಿಯ ಊಟಕ್ಕೆ ಮುಂಚೆ ನೋಡಿದ. ಊಟಕ್ಕೆ ಕೂತಾಗ ಅನ್ನವನ್ನು ಕಲಸುತ್ತಲೇ ಇದ್ದ.

ನರ್ಸಮ್ಮ ಬೇಳೆಸಾರು ಬಡಿಸುತ್ತ ಕೇಳಿದಳು: "ಒಂದು ಮಾತು. ಹೆಂಗಸರು ನನಗೆ ಬರೆದ ಕಾಗದಗಳೆಲ್ಲ ಎಲ್ಲಿರ್ತವೆ?"

"ಸರ್ವರಲ್ಲಿ."

"ಹಳೇವು?"

"ಅವೂ ಅಲ್ಲೇ. ಅಳಿಸಿಲ್ಲ."

"ಮೊದಲಿಂದ ಬಂದಿದ್ದೆಲ್ಲ?"

"ಎಲ್ಲ."

"ಆ ಇಸ್ಪೀಟಿನವಳನ್ನ ಕೂರಿಸಿದ ಕಳ್ಳ ಅದನ್ನ ಓದಬಹುದಾ?"

ಮಗ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದ. ಸೌಟಿನಿಂದ ಸಾರು ತೊಟ್ಟಿಕ್ಕಿತು.

"ಕೇಳ್ತಾ ಇದ್ದೀನಿ."

"ಓದಬಹುದಾ ಅಲ್ಲಮ್ಮ, ಓದಿದ್ದಾನೆ. ಇಡೀ ಫೋಲ್ಡರ್ ಹೊತ್ತುಕೊಂಡು ಹೋಗಿದ್ದಾನೆ. ಸರ್ವರಲ್ಲಿ ಬಂದವರು ಹೋದವರ ಗುರುತು ಉಳಿದಿರುತ್ತೆ. ಅದನ್ನ ನೋಡಿದೆ."

ನರ್ಸಮ್ಮ ಸೌಟನ್ನು ಪಾತ್ರೆಗೆ ಹಾಕಿ, ಕುರ್ಚಿ ಎಳೆದುಕೊಂಡು ಕೂತಳು. "ಹೇಗೆ ಬಂದ?"

ಮಗ ತಡವರಿಸುತ್ತ ಹೇಳಿದ. ಸೈಟಿಗೆ ಫೈಲು ಕಳಿಸುವ ಹಳೆಯ ದಾರಿಯೊಂದಿದೆ, ಎಫ್‌ಟಿಪಿ ಅಂತ. ಅದರಲ್ಲಿ ಪಾಸ್‌ವರ್ಡು ಮುಚ್ಚುಮರೆ ಇಲ್ಲದೆ ಹೋಗುತ್ತದೆ, ನಡುವೆ ಯಾರಾದರೂ ಕಿವಿ ಇಟ್ಟಿದ್ದರೆ ಕೇಳಿಸುತ್ತದೆ. ಮುಚ್ಚಿಕೊಂಡು ಹೋಗುವ ಹೊಸ ದಾರಿ ಬಂದು ಎಷ್ಟೋ ಕಾಲವಾಗಿದೆ. ಇವನು ಅಭ್ಯಾಸಬಲದಿಂದ ಹಳೆಯದರಲ್ಲೇ ಇದ್ದ.

"ಎಲ್ಲಿ ಕೂತು ಕಳಿಸ್ತಿದ್ದೆ?"

"ಒಂದೊಂದು ಸಲ ಮನೇಲಿ. ಒಂದೊಂದು ಸಲ ಟೀ ಅಂಗಡೀಲಿ. ಅಲ್ಲಿ ಬಿಟ್ಟಿ ವೈಫೈ ಇದೆ."

"ಕಾರ್ಡಿನ ಮೇಲೆ ಬರೆದ ಹಾಗೆ," ಎಂದ ಪೋಸ್ಟ್‌ಮ್ಯಾನ್. "ಲಕೋಟೆ ಇಲ್ಲ."

"ನೀವು ಜನರ ಕಾರ್ಡು ಓದ್ತಿದ್ರಾ ತಾತ?" ಮೊಮ್ಮಗಳು ಕೇಳಿದಳು.

"ಓದ್ತಿರಲಿಲ್ಲ ಕಣೆ. ಕಣ್ಣಿಗೆ ಬೀಳ್ತಿತ್ತು."

ಸೊಸೆ ನಗಲಿಲ್ಲ. "ಪಾಸ್‌ವರ್ಡ್ ಏನಿತ್ತು?"

"ಪುಟಾಣಿ. ಆಮೇಲೆ ಒಂದು ಎರಡು ಮೂರು."

"ನನ್ನ ಹೆಸರಾ!" ಹದಿನೈದರ ಹುಡುಗಿ ತಟ್ಟೆ ಬಿಟ್ಟು ಎದ್ದಳು. "ಇಡೀ ಬೀದಿಗೆ ಗೊತ್ತಿರೋ ಹೆಸರು!"

"ಬೇರೆಯವರ ಸೈಟುಗಳಿಗೆ?" ಸೊಸೆ ಬಿಡಲಿಲ್ಲ. ಡ್ರೈವಿಂಗ್ ಶಾಲೆ, ಕನ್ನಡಕದ ಅಂಗಡಿ, ಟ್ಯೂಶನ್ ಮೇಷ್ಟ್ರು ಎಲ್ಲ ಅವನ ಗಿರಾಕಿಗಳು. "ಅವಕ್ಕೂ ಪುಟಾಣೀನೇ?"

ಅವನು ನೀರು ಕುಡಿದ. ಅದೇ ಉತ್ತರವಾಯಿತು.

ಎರಡು ದಿನದ ಮೇಲೆ ಮೇಲ್ ಬಂತು. ಕಾಗದಗಳೆಲ್ಲ ತಮ್ಮ ಬಳಿ ಇವೆ, ತಿಂಗಳ ಕೊನೆಯೊಳಗೆ ಹೇಳಿದಷ್ಟು ದುಡ್ಡು ಹೇಳಿದ ದಾರಿಯಲ್ಲಿ ಕಳಿಸದಿದ್ದರೆ ಬರೆದವರ ಹೆಸರು, ಫೋನ್ ನಂಬರ್ ಸಮೇತ ಹರಡುತ್ತೇವೆ ಎಂದಿತ್ತು. ನಂಬಿಕೆ ಬರಲೆಂದು ಒಂದು ಕಾಗದವನ್ನು ಜೊತೆಗಿಟ್ಟಿದ್ದರು. ನರ್ಸಮ್ಮ ಅದರ ಮೊದಲ ಸಾಲು ನೋಡಿದ್ದೇ ತಡ, ಕೈ ಅಡ್ಡ ಹಿಡಿದು "ಯಾರೂ ಓದಬೇಡಿ" ಎಂದಳು.

"ನನ್ನ ಪಿಂಚಣಿ ದುಡ್ಡಿದೆ," ಎಂದ ಪೋಸ್ಟ್‌ಮ್ಯಾನ್. "ಬಿಸಾಕಿ ಬಾಯಿ ಮುಚ್ಚಿಸೋಣ. ಸೈಟೂ ಮುಚ್ಚಿಬಿಡು. ಈ ವಯಸ್ಸಲ್ಲಿ ನಿನಗೆ ಬೇಕಾ ಇದು?"

"ಬಾಯಿ ಮುಚ್ತಾನೆ ಅಂತ ಯಾರು ಹೇಳಿದ್ರು? ಕಳ್ಳನ ಹತ್ರ ರಸೀದಿ ಈಸ್ಕೊಂಡು ಬರ್ತೀರಾ?"

"ಮತ್ತೆ ಏನು ಮಾಡ್ತೀಯೆ?"

"ಅವನು ಹೇಳೋಕೆ ಮುಂಚೆ ನಾನೇ ಹೇಳ್ತೀನಿ. ನನ್ನನ್ನ ನಂಬಿ ಬರೆದವರಿಗೆ ಒಬ್ಬೊಬ್ಬರಿಗೂ."

ಮಗ ಬೆಚ್ಚಿದ. "ಅಮ್ಮ, ನಿನಗೆ ತಲೆ ಕೆಟ್ಟಿದೆಯಾ? ಗುಟ್ಟಾಗಿ ಸರಿ ಮಾಡ್ತೀನಿ. ಹೊರಗೆ ಗೊತ್ತಾದ್ರೆ ನನ್ನ ಹತ್ರ ಯಾರು ಕೆಲಸ ಕೊಡ್ತಾರೆ? ಮಾನ ಹೋಗುತ್ತೆ."

"ಯಾರ ಮಾನ?"

"ನಮ್ಮ ಮನೇದು."

"ಗಂಡನಿಗೆ ಗೊತ್ತಾಗಬಾರದು ಅಂತ ನನಗೆ ಬರೆದಿದ್ದಾಳಲ್ಲ, ಅವಳಿಗೆ ಮಾನ ಇಲ್ವಾ? ಹಲ್ಲು ಉದುರಿಸಿಕೊಂಡ ಮೇಲೆ ಗೊತ್ತಾಗಬೇಕಾ ಅವಳಿಗೆ?"

ಮರುದಿನ ಅತ್ತೆ ಸೊಸೆ ಇಬ್ಬರೂ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಕಂಪ್ಯೂಟರ್ ಅಪರಾಧ ನೋಡಿಕೊಳ್ಳುವ ಅಧಿಕಾರಿ ಮೇಜಿನ ಆಚೆಯಿಂದ ಕೇಳಿದ: "ಆ ಕಾಗದಗಳಲ್ಲಿ ಏನಿತ್ತು?"

"ಹೆಂಗಸರ ಆರೋಗ್ಯದ ವಿಷಯ."

"ಅಂದ್ರೆ? ಬಿಡಿಸಿ ಹೇಳಿ."

"ಅದನ್ನ ಹೇಳೋ ಹಾಗಿದ್ರೆ ದೂರು ಕೊಡೋಕೆ ಯಾಕೆ ಬರ್ತಿದ್ದೆ? ಕದ್ದೋನನ್ನ ಹುಡುಕಿ, ಕದ್ದಿದ್ದನ್ನ ಓದಬೇಡಿ," ಎಂದಳು ನರ್ಸಮ್ಮ. ಸೊಸೆ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಧಿಕಾರಿ ಗಂಟಲು ಸರಿಮಾಡಿಕೊಂಡು ದೂರು ಬರೆದುಕೊಂಡ.

ದಾರಿಯಲ್ಲಿ ಸೊಸೆ ಹೇಳಿದಳು: "ಅತ್ತೆ, ಇವರು ಸೈಟುಗಳಿಗೆ ಹೊಸ ಸರ್ವರ್ ಬಾಡಿಗೆಗೆ ತಗೋತೀನಿ ಅಂತಿದ್ದಾರೆ. ಹಳೇ ಸರ್ವರಲ್ಲಿ ಕಳ್ಳ ಎಲ್ಲೆಲ್ಲಿ ಏನೇನು ಬಚ್ಚಿಟ್ಟಿದ್ದಾನೋ ಗೊತ್ತಿಲ್ಲವಂತೆ. ನಿಮ್ಮ ಸೈಟಿನದ್ದನ್ನ ನಿಮ್ಮ ಹೆಸರಲ್ಲೇ ತಗೊಳ್ಳಿ. ಅವರ ಹೆಸರಲ್ಲಿ ಬೇಡ."

"ಯಾಕೆ?"

"ಯಾಕೋ. ಹಾಗೆ ಅನ್ನಿಸ್ತು."

ಹಾಗೆಯೇ ಆಯಿತು. ಬೈದಾಟ, ಗೊಣಗಾಟದ ನಡುವೆಯೇ ಮಗ ಒಂದು ವಾರ ಕೂತು ಹೊಸ ಸರ್ವರಿನಲ್ಲಿ ಎಲ್ಲವನ್ನೂ ಮೊದಲಿಂದ ಕಟ್ಟಿದ. ಹಳೆಯ ಎಫ್‌ಟಿಪಿ ಬಾಗಿಲಿಗೆ ಗೋಡೆ ಎಬ್ಬಿಸಿದ. ಹಳಸಿದ ತಂತ್ರಾಂಶಗಳನ್ನು ಬಿಸಾಡಿ ಹೊಸತು ಹಾಕಿದ. ಬಂದ ಪ್ರಶ್ನೆ ಉತ್ತರವಾದ ಕೂಡಲೇ ಸರ್ವರಿನಿಂದ ಅಳಿಸಿಹೋಗುವಂತೆ ಮಾಡಿದ. ಒಳಗೆ ಹೋಗಲು ಪಾಸ್‌ವರ್ಡೇ ಇಲ್ಲ. ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಅವರವರದೇ ಒಂದು ಕೀಲಿಕೈ ಇರುತ್ತದೆ, ಅದಕ್ಕೆ ಹೊಂದುವ ಬೀಗ ಸರ್ವರಿನಲ್ಲಿರುತ್ತದೆ, ಕೀಲಿಕೈ ಮನೆ ಬಿಟ್ಟು ಹೋಗುವುದೇ ಇಲ್ಲ ಎಂದು ವಿವರಿಸಿದ.

"ಸರಿ, ನನಗೊಂದು ಕೀ ಕೊಡು," ಎಂದಳು ನರ್ಸಮ್ಮ.

"ನಿನಗ್ಯಾಕಮ್ಮ? ಏನಿದ್ರೂ ನಾನು ಹಾಕಿಕೊಡ್ತೀನಲ್ಲ."

"ಇಷ್ಟು ದಿನ ನೀನೇ ಹಾಕಿಕೊಟ್ಟಿದ್ದು. ನೋಡಿದ್ದಾಯ್ತಲ್ಲ."

ಅವಳ ಹಳೆಯ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲೆ ಹುರುಳಿಕಾಯಿಯ ಬುಟ್ಟಿಯ ಪಕ್ಕ ಇಟ್ಟುಕೊಂಡು ಪಾಠ ನಡೆಯಿತು. ಮೂರನೆಯ ದಿನ ಪರದೆಯ ಮೇಲೆ ಒಂದು ಎಚ್ಚರಿಕೆ ಎದ್ದಿತು. ಈ ಸರ್ವರಿನ ಗುರುತು ಮೊದಲಿನಂತಿಲ್ಲ, ಮುಂದುವರಿಯಬೇಕೆ?

"ಹೌದು ಅಂತ ಒತ್ತಮ್ಮ."

"ಗುರುತು ಬೇರೆ ಅಂತಿದೆ."

"ನಿನ್ನೆ ಸರ್ವರ್ ಮತ್ತೆ ಕಟ್ಟಿದೆ, ಅದಕ್ಕೆ. ಒತ್ತು."

"ಹೊಸ ಗುರುತು ಏನು ಅಂತ ನೀನು ಅಲ್ಲಿಂದ ಓದಿ ಹೇಳು. ನಾನು ಇಲ್ಲಿ ತಾಳೆ ನೋಡ್ತೀನಿ."

"ಅಷ್ಟುದ್ದ ಇದೆ! ಯಾರೂ ಓದಲ್ಲ ಅದನ್ನ."

"ವಾರ್ಡಲ್ಲಿ ಮಗೂನ ಕೈಪಟ್ಟಿ, ತಾಯಿ ಕೈಪಟ್ಟಿ ಎರಡೂ ಓದದೆ ಒಂದು ಮಗೂನೂ ನಾನು ಯಾರ ಕೈಗೂ ಕೊಟ್ಟಿಲ್ಲ. ಅಪ್ಪಂದಿರು ಕೂಗಾಡ್ತಿದ್ರು. ಓದು."

ಮಗ ಹಲ್ಲು ಕಡಿಯುತ್ತ ಓದಿದ. ಅವಳು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು "ಹೂಂ" ಎನ್ನುತ್ತ ಹೋದಳು. ಎಲ್ಲ ಸರಿಯಾಗಿತ್ತು, ಮಗ ಹೇಳಿದ್ದು ನಿಜವೇ ಆಗಿತ್ತು. "ನೋಡಿದ್ಯಾ, ಸುಮ್ನೆ ಹೊತ್ತು ಹಾಳು," ಎಂದ. "ಆಗಲಿ," ಎಂದು ಅವಳು ಈಗ ಹೌದು ಒತ್ತಿದಳು.

ಅದೇ ವಾರದಿಂದ ನರ್ಸಮ್ಮ ಫೋನು ಮಾಡತೊಡಗಿದಳು. ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಹೊತ್ತು ನೋಡಿ, ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತು, ಒಬ್ಬೊಬ್ಬರನ್ನೇ ಕರೆಯುತ್ತಿದ್ದಳು. ಗಂಡನೋ ಅತ್ತೆಯೋ ಎತ್ತಿದರೆ "ಲಸಿಕೆ ವಿಷಯ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುವಳು. ಬರೆದವಳೇ ಎತ್ತಿದರೆ ಮೊದಲ ಮಾತು: "ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

ಒಬ್ಬಳು ಅತ್ತಳು. ಒಬ್ಬಳು "ನಂಬಿದ್ದಕ್ಕೆ ಒಳ್ಳೇ ಕೆಲಸ ಮಾಡಿದ್ರಿ" ಎಂದು ಬಾಯಿಗೆ ಬಂದಂತೆ ಬೈದಳು. ನರ್ಸಮ್ಮ "ಬೈಯಿ ತಾಯಿ, ತಪ್ಪು ನಮ್ದೇ" ಎಂದು ಪೂರ್ತಿ ಕೇಳಿಸಿಕೊಂಡಳು. ಒಬ್ಬಳು ನಕ್ಕುಬಿಟ್ಟಳು: "ಹರಡಲಿ ಬಿಡಿ ನರ್ಸಮ್ಮ. ನಮ್ಮ ಯಜಮಾನ್ರು ಮದುವೆ ಕಾಗದಾನೇ ಪೂರ್ತಿ ಓದಿಲ್ಲ, ಇದನ್ನ ಓದ್ತಾರಾ?"

ಮತ್ತೊಬ್ಬಳು, ಸಣ್ಣ ದನಿಯವಳು, ಮೊದಲು ಬಾಗಿಲು ಹಾಕಿ ಬಂದಳು. ಆಮೇಲೆ ಕೇಳಿದಳು: "ಯಾವತ್ತಿನವರೆಗೂ ಟೈಮಿದೆ?"

"ತಿಂಗಳ ಕೊನೆ. ಅದಕ್ಕೂ ಮುಂಚೇನೂ ಆಗಬಹುದು. ಕಳ್ಳನ ಮಾತಿಗೆ ಏನು ಬೆಲೆ?"

"ಸರಿ. ಹೇಳಿದ್ದು ಒಳ್ಳೇದಾಯ್ತು," ಎಂದು ಇಟ್ಟಳು. ಆಕೆ ಬರೆದದ್ದು ಏನೆಂದು ನರ್ಸಮ್ಮನಿಗೆ ನೆನಪಿತ್ತು. ಆ ದಿನ ಹುರುಳಿಕಾಯಿ ಬಿಡಿಸುವುದು ಅರ್ಧಕ್ಕೇ ನಿಂತಿತು.

ನಂಬರು ಕೊಡದವರು, ನಂಬರು ಬದಲಾಯಿಸಿದವರು ಇನ್ನೂ ಎಷ್ಟೋ ಜನರಿದ್ದರು. ಅವರಿಗೆ ಹೇಳುವ ದಾರಿ ಒಂದೇ ಉಳಿದಿತ್ತು. ನರ್ಸಮ್ಮ ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿಟ್ಟು, ಲ್ಯಾಪ್‌ಟಾಪ್ ತೆಗೆದು, ತನ್ನ ಕೀಲಿಕೈಯಿಂದ ಒಳಗೆ ಹೋಗಿ, ಸೈಟಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದಳು:

"ಈ ಸೈಟಿಗೆ ಕಳ್ಳರು ನುಗ್ಗಿದ್ದರು. ನೀವು ನನಗೆ ಬರೆದ ಕಾಗದಗಳನ್ನು ಕದ್ದಿದ್ದಾರೆ. ಬಾಗಿಲು ಭದ್ರವಾಗಿ ಇಡದೆ ಹೋದದ್ದು ನಮ್ಮ ಮನೆಯ ತಪ್ಪು. ದುಡ್ಡು ಕೇಳಿ ಹೆದರಿಸುತ್ತಿದ್ದಾರೆ. ನಾನು ಕೊಡುವುದಿಲ್ಲ. ಸೈಟೂ ಮುಚ್ಚುವುದಿಲ್ಲ. ಕಾಗದ ಹೊರಬಿದ್ದರೆ ತೊಂದರೆ ಆಗುವವರು ಈಗಲೇ ನನಗೆ ಫೋನು ಮಾಡಿ."

ಕೆಳಗೆ ತನ್ನ ನಂಬರು ಹಾಕಿದಳು.

ಮಾರನೆಯ ದಿನ ಸಂಜೆ ಮೊಮ್ಮಗಳು ಶಾಲೆಯಿಂದ ಬಂದು ಬ್ಯಾಗು ಬಿಸಾಡಿ ಕೇಳಿದಳು: "ಅಜ್ಜಿ, ನೀನು ಹಾಕಿದ್ದು ಎಲ್ಲಿ? ನನ್ನ ಫ್ರೆಂಡ್ ಅಮ್ಮನಿಗೆ ತೋರಿಸೋಣ ಅಂದ್ರೆ ಇಲ್ಲ."

ನರ್ಸಮ್ಮ ನೋಡಿದಳು. ಮೊದಲ ಪುಟದಲ್ಲಿ ಎಂದಿನಂತೆ ಮಗು ಎತ್ತಿಕೊಂಡ ತಾಯಿಯ ಚಿತ್ರ ನಗುತ್ತಿತ್ತು. ಸೊಸೆ ಬಂದ ಮೇಲೆ ಇಬ್ಬರೂ ಕೂತು ಹುಡುಕಿದರು. ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಕೀಲಿಕೈ ಇತ್ತಲ್ಲ, ಯಾವ ಕೀಲಿಕೈಯಿಂದ ಯಾರು ಬಂದರು ಎಂಬ ಗುರುತು ಸರ್ವರಿನಲ್ಲಿತ್ತು. ಕಳ್ಳ ಬಂದಿರಲಿಲ್ಲ. ಸೊಸೆ ಪರದೆಯ ಮೇಲಿನ ಸಾಲನ್ನು ಬೆರಳಿನಿಂದ ತೋರಿಸಿ, ಎದ್ದುಹೋಗಿ ಅನ್ನಕ್ಕೆ ನೀರಿಟ್ಟಳು.

ಊಟಕ್ಕೆ ಎಲ್ಲರೂ ಕೂತ ಮೇಲೆ ನರ್ಸಮ್ಮ ಕೇಳಿದಳು: "ನಾನು ಬರೆದಿದ್ದನ್ನ ಯಾಕೆ ತೆಗೆದೆ?"

ಮಗ ಸುಳ್ಳು ಹೇಳಲಿಲ್ಲ. "ಎದುರುಮನೆ ಡ್ರೈವಿಂಗ್ ಶಾಲೆಯವರು ಕೇಳಿದ್ರು. ನಿಮ್ಮ ಅಮ್ಮನ ಸೈಟಲ್ಲಿ ಏನೋ ಬಂದಿದೆಯಂತೆ, ನಮ್ಮ ಸೈಟ್ ಸರಿಯಾಗಿದೆಯೇನಯ್ಯ ಅಂತ. ಏನು ಹೇಳಲಿ? ಅವರದ್ದೂ ಅದೇ ಪಾಸ್‌ವರ್ಡಲ್ಲಿ ಇತ್ತು ಅಂತ ಹೇಳಲಾ? ಈಗ ಎಲ್ಲಾರದ್ದೂ ಸರಿ ಮಾಡಿದ್ದೀನಲ್ಲ, ಸಾಲದಾ? ನನ್ನ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀಯ?"

"ನಿನ್ನ ಅನ್ನ ಬೇರೆ, ನನ್ನ ಬಾಗಿಲು ಬೇರೆ. ಕಳ್ಳ ಬಂದು ಕದ್ದ. ನೀನು ಬಂದು ಬಾಯಿ ಕಟ್ಟಿದೆ. ನನಗೆ ಇಬ್ಬರೂ ಹೇಳದೆ ಕೇಳದೆ ಬಂದೋರೇ."

"ಮಗನನ್ನ ಕಳ್ಳನಿಗೆ ಹೋಲಿಸ್ತೀಯಾ?"

"ಲೇ, ಸಾಕು ಮಾಡೇ," ಎಂದ ಪೋಸ್ಟ್‌ಮ್ಯಾನ್. "ಊಟದ ಹೊತ್ತಲ್ಲಿ ಏನಿದು?"

"ರೀ, ನೀವು ಇಷ್ಟು ವರ್ಷ ಕಾಗದ ಹಂಚಿದ್ರಿ. ಒಂದು ಕಾಗದ ಯಾರದ್ದೋ ಮುಲಾಜಿಗೆ ಹರಿದು ಹಾಕಿದ್ರಾ?"

ಪೋಸ್ಟ್‌ಮ್ಯಾನ್ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸಿದ. "ಇಲ್ಲ."

ನರ್ಸಮ್ಮ ಕೈತೊಳೆದು ಲ್ಯಾಪ್‌ಟಾಪನ್ನು ಊಟದ ಮೇಜಿಗೇ ತಂದಳು. ಸರ್ವರಿನಲ್ಲಿ ಒಳಗೆ ಬರಬಹುದಾದ ಕೀಲಿಕೈಗಳ ಸಾಲು ಎರಡಿದ್ದವು, ಅವಳದೊಂದು, ಮಗನದೊಂದು. ಅವನ್ನು ಹಾಕುವುದು ತೆಗೆಯುವುದು ಮಗನೇ ಕಲಿಸಿಕೊಟ್ಟಿದ್ದ. ಅವನದನ್ನು ಆರಿಸಿ, ಅಳಿಸಿ, ಸೇವ್ ಮಾಡಿದಳು. ಆಮೇಲೆ ತನ್ನ ಬರಹವನ್ನು ಮತ್ತೆ ಮೇಲೆ ಹಾಕಿದಳು. ಎಲ್ಲರೂ ನೋಡುತ್ತಿದ್ದರು.

"ಆಯ್ತು. ಸರ್ವರ್ ನನ್ನ ಹೆಸರಲ್ಲಿದೆ. ಇನ್ನು ನನ್ನ ಮನೆಗೆ ನಿನ್ನ ಕೀ ಇಲ್ಲ."

ಮಗ ತಟ್ಟೆ ತಳ್ಳಿ ಎದ್ದ. "ಇದೇ ಮನೇಲಿ ಕೂತು, ನಾನೇ ಕಟ್ಟಿಕೊಟ್ಟ ಸೈಟಿಂದ ನನ್ನನ್ನೇ ಆಚೆ ಹಾಕಿದೆ!"

"ಊಟ ಮಾಡಿ ಹೋಗು. ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅವನು ಊಟ ಮಾಡಲಿಲ್ಲ. ಆಮೇಲೆ ಒಂದು ವಾರ ಹೊರಗೇ ಉಂಡ. ಬೆಳಿಗ್ಗೆ ಚಹಾವನ್ನೂ ಹೆಂಡತಿಯ ಕೈಯಿಂದ ಮುಂದಿನ ಕೋಣೆಗೆ ತರಿಸಿಕೊಳ್ಳುತ್ತಿದ್ದ. ಹೆಂಡತಿ ಮೂರು ದಿನ ತಂದುಕೊಟ್ಟು, ನಾಲ್ಕನೆಯ ದಿನ ಹೇಳಿದಳು: "ನನಗೆ ಶಿಫ್ಟಿಗೆ ಹೊತ್ತಾಗುತ್ತೆ. ಅಡುಗೆಮನೆ ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ."

"ನೀನೂ ಅಮ್ಮನ ಕಡೇನೇ."

"ನಾನು ಸರಿ ಇರೋ ಕಡೆ. ತಪ್ಪಿರೋ ಬಟ್ಟೇನ ಮಡಿಸಿ ಪೆಟ್ಟಿಗೆ ಒಳಗಿಟ್ರೆ ತಪ್ಪು ಹೋಗಲ್ಲ ರೀ. ಗಿರಾಕಿ ಮನೇಲಿ ಬಿಚ್ಚಿದಾಗ ಕಾಣುತ್ತೆ. ಹೇಳಿಬಿಡಿ ಅವರಿಗೆಲ್ಲ."

ಅವನು ಹೇಳಲಿಲ್ಲ.

ತಿಂಗಳ ಕೊನೆ ಬಂತು, ಹೋಯಿತು. ನಾಲ್ಕು ದಿನ ಏನೂ ಆಗಲಿಲ್ಲ. "ಬರೀ ಬೆದರಿಕೆ ಅಂತ ಕಾಣುತ್ತೆ," ಎಂದು ಪೋಸ್ಟ್‌ಮ್ಯಾನ್ ಉಸಿರು ಬಿಟ್ಟ. ಐದನೆಯ ದಿನ ಕಾಗದಗಳು ಫೋನಿಂದ ಫೋನಿಗೆ ಹಾರತೊಡಗಿದವು.

ಬೆಳಿಗ್ಗೆ ಹಾಲು ಕಾಯುತ್ತಿದ್ದ ಹೊತ್ತಿನಲ್ಲಿ ಮನೆಯ ಮುಂದೆ ಸ್ಕೂಟರು ನಿಂತಿತು. ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದಿದ್ದ ಒಬ್ಬ ಗಂಡಸು ಬಾಗಿಲನ್ನು ಅದರಿಂದಲೇ ಬಡಿದ. ಪೋಸ್ಟ್‌ಮ್ಯಾನ್ ಎದ್ದ. ನರ್ಸಮ್ಮ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಬಾಗಿಲು ತೆಗೆದಳು.

"ನೀನೇನಾ ನರ್ಸಮ್ಮ ಅನ್ನೋಳು?"

"ನಾನೇ."

ಅವನು ಫೋನನ್ನು ಅವಳ ಮುಖಕ್ಕೆ ಹಿಡಿದ. "ನನ್ನ ಹೆಂಡತಿಗೆ ಇದೆಲ್ಲ ಹೇಳಿಕೊಟ್ಟೋಳು ನೀನಾ? ಕುಡಿದು ಬರ್ತಾನೆ, ಹೊಟ್ಟೆಗೆ ಒದೀತಾನೆ ಅಂತ ಅವಳು, ಬ್ಯಾಂಕಲ್ಲಿ ಬೇರೆ ಖಾತೆ ತೆಗಿ, ಅಕ್ಕನಿಗೆ ಹೇಳಿಡು ಅಂತ ನೀನು... ನನ್ನ ಬಗ್ಗೆ ಊರೆಲ್ಲ ಓದ್ತಿದ್ದಾರೆ!"

"ಅದರಲ್ಲಿ ನಿನ್ನ ಹೆಸರು ಎಲ್ಲಿದೆ?"

ಅವನು ಫೋನು ನೋಡಿದ.

"ಅವಳ ಹೆಸರಿದೆ. ನಿನ್ನ ಹೆಸರು ಇಲ್ಲ. ಕುಡಿದು ಬಂದು ಒದೆಯೋನು ಅಂತ ಮಾತ್ರ ಇದೆ. ಇದು ನಾನೇ ಅಂತ ನೀನೇ ಗುರುತು ಹಿಡಿದೆಯಲ್ಲ."

ಬೀದಿಯಲ್ಲಿ ಜನ ಸೇರಿದ್ದರು. ಎದುರುಮನೆಯ ಡ್ರೈವಿಂಗ್ ಶಾಲೆಯವನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಗೇಟಿನ ಹತ್ತಿರ ಬಂದಿದ್ದ.

"ಅವಳು ಎಲ್ಲಿ? ಹೋದ ವಾರಾನೇ ಬಟ್ಟೆ ಬರೆ ತಗೊಂಡು ಹೋಗಿದ್ದಾಳೆ. ಎಲ್ಲಿ ಬಚ್ಚಿಟ್ಟಿದ್ದೀಯ?"

ಹಾಗಾದರೆ ಅವನ ಹೆಂಡತಿ, ಆ ಸಣ್ಣ ದನಿಯವಳು, ಮೊದಲೇ ಹೊರಟುಹೋಗಿದ್ದಳು. "ಗೊತ್ತಿಲ್ಲ," ಎಂದಳು ನರ್ಸಮ್ಮ. "ಗೊತ್ತಿದ್ರೂ ಹೇಳಲ್ಲ."

ಅವನು ಹೆಲ್ಮೆಟ್ ಎತ್ತಿದ. ಅಷ್ಟರಲ್ಲಿ ಮುಂದಿನ ಕೋಣೆಯ ಬಾಗಿಲು ತೆರೆದು ಮಗ ಹೊರಗೆ ಬಂದ. ಲುಂಗಿ, ಕೆದರಿದ ಕೂದಲು. ಬಂದವನೇ ಹೆಲ್ಮೆಟ್ಟಿನ ಕೈಗೂ ಅಮ್ಮನಿಗೂ ನಡುವೆ ನಿಂತ.

"ಜಗಳ ಇದ್ರೆ ನನ್ನ ಹತ್ರ ಆಡಿ. ಆ ಕಾಗದ ಹೊರಗೆ ಬಂದಿದ್ದು ನನ್ನಿಂದ. ಸೈಟ್ ನೋಡಿಕೊಳ್ತಾ ಇದ್ದೋನು ನಾನು. ಬೀಗ ಹಾಕದೆ ಬಾಗಿಲು ಬಿಟ್ಟಿದ್ದೆ. ಅಮ್ಮಂದು ತಪ್ಪಿಲ್ಲ, ನಿಮ್ಮ ಮನೆಯವರದ್ದಂತೂ ಮೊದಲೇ ಇಲ್ಲ."

"ನೀನ್ಯಾವನೋ..."

"ಕೈ ಕೆಳಗಿಳಿಸಿ. ಪೊಲೀಸರಿಗೆ ಆಗಲೇ ದೂರು ಕೊಟ್ಟಾಗಿದೆ. ಈ ಕಾಗದಾನ ಕೈಯಲ್ಲಿ ಹಿಡ್ಕೊಂಡು ಠಾಣೆಗೆ ಬನ್ನಿ, ಅಲ್ಲೇ ಓದೋಣ. ಒದೀತಾನೆ ಅನ್ನೋ ಸಾಲಿನಿಂದ ಶುರು ಮಾಡೋಣ."

ಜನರ ನಡುವಿನಿಂದ ಯಾರೋ ಹೆಂಗಸು "ಹೌದು, ಓದಲಿ, ನಾವೂ ಬರ್ತೀವಿ" ಎಂದಳು. ಸ್ಕೂಟರಿನವನು ಸುತ್ತಲೂ ನೋಡಿದ. ಮೂರು ಸಲ ಒದ್ದ ಮೇಲೆ ಸ್ಕೂಟರು ಶುರುವಾಯಿತು. ಒಳಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.

ಡ್ರೈವಿಂಗ್ ಶಾಲೆಯವನು ಬ್ರಷ್ಷು ತೆಗೆದು, ಉಗುಳಿ, ಕೇಳಿದ: "ಬೀಗ ಹಾಕಿರಲಿಲ್ಲ ಅಂದ್ಯಲ್ಲ. ನನ್ನದಕ್ಕೆ?"

"ನಿಮ್ಮದಕ್ಕೂ ಹಾಕಿರಲಿಲ್ಲ ಸಾರ್. ಈಗ ಹಾಕಿದ್ದೀನಿ. ನಿಮ್ಮ ಸೈಟಿಗೆ ಬಂದವರ ಹೆಸರು ನಂಬರೂ ಹೋಗಿರಬಹುದು. ನೀವು ಅವರಿಗೆ ಹೇಳಬೇಕು. ಒಳಗೆ ಬನ್ನಿ, ಹೇಗೆ ಹೇಳೋದು ಅಂತ ನಾನೂ ಜೊತೆ ಕೂರ್ತೀನಿ."

"ಮುಚ್ಚಿಟ್ಟು ಈಗ ಹೇಳ್ತಿದ್ದೀಯ. ನಿನಗೆ ಇನ್ನು ಯಾರಯ್ಯ ಕೆಲಸ ಕೊಡ್ತಾರೆ?"

"ತಡವಾಗಿ ಹೇಳಿದೆ, ಒಪ್ಕೋತೀನಿ. ಬೇರೆಯವನ ಹತ್ರ ಹೋಗಿ ಸಾರ್. ಹೋದವರು ಮೊದಲು ಒಂದು ಮಾತು ಕೇಳಿ, ಫೈಲ್ ಯಾವ ದಾರೀಲಿ ಕಳಿಸ್ತೀಯಾ, ಕೀ ಎಷ್ಟು ಜನರ ಹತ್ರ ಇದೆ ಅಂತ. ಉತ್ತರ ಹೇಳದೇ ಹೋದ್ರೆ ವಾಪಸ್ ಬನ್ನಿ."

ಆ ದಿನವೇ ಕೂತು ಮಗ ಗಿರಾಕಿಗಳಿಗೆಲ್ಲ ಬರೆದ. ಒಬ್ಬೊಬ್ಬರ ಅಂಗಡಿಗೂ ಹೋಗಿ ಬೈಸಿಕೊಂಡು ಬಂದ. ಕನ್ನಡಕದ ಅಂಗಡಿಯವರು ಬಿಟ್ಟರು, ಇನ್ನೂ ಕೆಲವರು ಬಿಟ್ಟರು. ಟ್ಯೂಶನ್ ಮೇಷ್ಟ್ರು ಒಂದು ಗಂಟೆ ಉಪದೇಶ ಮಾಡಿ ಉಳಿದರು. ಡ್ರೈವಿಂಗ್ ಶಾಲೆಯವನು ಹೋಗುತ್ತೇನೆ ಎಂದು ದಿನಾ ಹೇಳುತ್ತ, ಹೋಗದೆ ಉಳಿದ. ಮನೆಯಲ್ಲಿ ಮೀನು ತರುವುದು ನಿಂತಿತು. ಸೊಸೆ ಕಾರ್ಖಾನೆಯಲ್ಲಿ ಹೆಚ್ಚಿನ ಹೊತ್ತು ದುಡಿದಳು. ಪೋಸ್ಟ್‌ಮ್ಯಾನ್ ತರಕಾರಿ ಹೆಚ್ಚಲು ಕಲಿತು, ಎಲ್ಲವನ್ನೂ ಅಂಚೆಚೀಟಿಯ ಅಳತೆಗೆ ಹೆಚ್ಚಿದ.

ಮಗ ಮತ್ತೆ ಒಳಗೆ ಊಟಕ್ಕೆ ಬರತೊಡಗಿದ. ಮೊದಲ ದಿನ ಉಂಡು ಎದ್ದುಹೋದ. ಎರಡನೆಯ ದಿನ ಅವನೇ ಕೇಳಿದ: "ಅಮ್ಮ, ನನ್ನ ಕೀ ವಾಪಸ್ ಹಾಕ್ತೀಯಾ?"

"ಇಲ್ಲ."

"ಅವತ್ತು ಬೀದೀಲಿ ಅಷ್ಟು ಹೇಳಿದ ಮೇಲೂ?"

"ಚೆನ್ನಾಗಿ ಹೇಳಿದೆ. ನನಗೆ ಹೆಮ್ಮೆ ಆಯ್ತು. ಆದ್ರೂ ಇಲ್ಲ."

"ರಿಪೇರಿ ಬಂದ್ರೆ?"

"ಕರೀತೀನಿ. ಬಾಗಿಲು ನಾನು ತೆಗೀತೀನಿ, ನೀನು ಕೆಲಸ ಮಾಡು, ನಾನು ಪಕ್ಕದಲ್ಲೇ ನಿಂತಿರ್ತೀನಿ." ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಅವನು ಮುಖ ಊದಿಸಿಕೊಂಡೇ ತಿಂದ.

ಪ್ರಶ್ನೆಗಳು ನಿಂತುಹೋಗುತ್ತವೆ ಎಂದು ನರ್ಸಮ್ಮನೇ ಅಂದುಕೊಂಡಿದ್ದಳು. ಕೆಲವು ದಿನ ನಿಂತೂ ಇದ್ದವು. ಆಮೇಲೆ ಒಂದು ಬಂತು, ಸಣ್ಣ ದನಿಯವಳದು: "ಅಕ್ಕನ ಮನೆಯಲ್ಲಿದ್ದೇನೆ. ಕೆಲಸ ಹುಡುಕುತ್ತಿದ್ದೇನೆ. ಏಳನೇ ತಿಂಗಳಲ್ಲಿ ಎಷ್ಟು ಹೊತ್ತು ನಿಂತು ಕೆಲಸ ಮಾಡಬಹುದು?" ನರ್ಸಮ್ಮ ಉದ್ದದ ಉತ್ತರ ಬರೆದಳು. ಅದರ ಹಿಂದೆಯೇ ಬೇರೆ ಬೇರೆಯವರದು ಬರತೊಡಗಿದವು. ಒಬ್ಬಳು ಬರೆದಿದ್ದಳು: "ಕದ್ದಿದ್ದಾರೆ ಅಂತ ನೀವೇ ಹೇಳಿದಿರಿ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ."

ಆ ನಡುವೆ ಇನ್ನೊಂದು ಮೇಲ್ ಬಂತು. ಇದು ಬರೀ ಮೊದಲ ಕಂತು, ಇನ್ನೂ ಕಾಗದಗಳಿವೆ, ಈ ಸಲ ಎರಡರಷ್ಟು ದುಡ್ಡು, ಈ ಪತ್ರದ ವಿಷಯ ಯಾರಿಗೂ ತಿಳಿಸಕೂಡದು ಎಂದಿತ್ತು. ಊಟದ ಮೇಜಿನ ಮೇಲೆ ಮೊಮ್ಮಗಳು ಅದನ್ನು ಜೋರಾಗಿ ಓದಿದಳು. ಪೋಸ್ಟ್‌ಮ್ಯಾನ್ ಈ ಸಲ ಪಿಂಚಣಿಯ ಮಾತೆತ್ತಲಿಲ್ಲ.

"ಯಾರಿಗೂ ತಿಳಿಸಬಾರದಂತಾ?" ಎಂದಳು ನರ್ಸಮ್ಮ. "ಪೊಲೀಸರಿಗೆ ಒಂದು ಪ್ರತಿ ಕಳಿಸು ಪುಟಾಣಿ. ಇನ್ನೊಂದು ನನಗೆ ಕೊಡು. ಇಷ್ಟು ದಿನ ನಮ್ಮ ಕಾಗದಾನ ಅವನು ಓದಿಸಿದ. ಅವನ ಕಾಗದಾನೂ ಹತ್ತು ಜನ ಓದಲಿ. ಮೊದಲನೇ ಪುಟದಲ್ಲಿ ಹಾಕ್ತೀನಿ, ಅವನ ಮೇಲ್ ವಿಳಾಸದ ಸಮೇತ."

ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ಎಲ್ಲರೂ ಅವನ ಕಡೆ ನೋಡಿದರು. ಅವನ ತುಟಿಯ ಕೊನೆಯಲ್ಲಿ ನಗು ಎದ್ದಿತು.

"ಕೊಡಮ್ಮ, ನಾನೇ ಹಾಕ್ತೀನಿ. ದಪ್ಪ ಅಕ್ಷರದಲ್ಲಿ."

"ನೀನು ಹೇಗೆ ಹಾಕ್ತೀಯ? ನಿನ್ನ ಹತ್ರ ಕೀ ಇಲ್ಲವಲ್ಲ," ಎಂದು ನರ್ಸಮ್ಮ ಕೈತೊಳೆಯಲು ಎದ್ದಳು.